ನಾನು ಚಹಾಕ್ಕೆ ಹೋಗಲಿಲ್ಲ

ನನ್ನ ನೌಕರಿ ಏನು ಅಂತ ಯಾರಾದರೂ ಕೇಳಿದರೆ ನಮ್ಮವ್ವ "ಕರೆಂಟ್ ಆಫೀಸಿನಾಗ ಅದಾಳ" ಅಂತಾಳೆ. ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಓಣಿಯಲ್ಲಿ ಈ ಮಾತು ಎಷ್ಟು ಗಟ್ಟಿಯಾಗಿ ಕೂತುಬಿಟ್ಟಿದೆ ಅಂದರೆ, ನಾನು ರಜೆಗೆ ಬಂದ ದಿನ ಸಂಜೆಯೊಳಗೆ ಒಬ್ಬರಾದರೂ ಬಿಲ್ಲು ಹಿಡಿದುಕೊಂಡು ಬಾಗಿಲಿಗೆ ಬರುತ್ತಾರೆ. ಮೊದಮೊದಲು ತಿಳಿಸಿ ಹೇಳುತ್ತಿದ್ದೆ. ನಾನು ಕರೆಂಟ್ ಮಾಡೋದಿಲ್ಲ, ಹಂಚೋದಿಲ್ಲ. ಅಣು ವಿದ್ಯುತ್ ಸ್ಥಾವರಗಳಿಗೆ ಹೋಗಿ ಅಲ್ಲಿ ಕೆಲಸ ನಿಯಮದ ಪ್ರಕಾರ ನಡೀತಿದೆಯೋ ಇಲ್ಲವೋ ಅಂತ ತಪಾಸಣೆ ಮಾಡುವ ಸರ್ಕಾರಿ ಮನುಷ್ಯಳು ಅಂತ. "ಹಂಗಾರ ಅದು ಸೇಫ್ ಐತೇನ್ರಿ?" ಅಂತ ಕೇಳುತ್ತಿದ್ದರು. ಅಲ್ಲಿಗೆ ನನ್ನ ಬಾಯಿಗೆ ಬೀಗ ಬೀಳುತ್ತಿತ್ತು. ಅದಕ್ಕಿಂತ ಬಿಲ್ಲು ಇಸ್ಕೊಂಡು ನೋಡೋದೇ ವಾಸಿ ಅಂತ ಈಗ ಸುಮ್ಮನೆ ಇಸ್ಕೊಳ್ಳುತ್ತೇನೆ.

ಯಾಕಂದರೆ ಇಷ್ಟು ವರ್ಷದ ನೌಕರಿಯಲ್ಲಿ "ಸುರಕ್ಷಿತ" ಅನ್ನೋ ಶಬ್ದದ ಕೆಳಗೆ ನಾನು ಒಂದು ಸಲವೂ ಸಹಿ ಹಾಕಿಲ್ಲ. ನಾವು ಹಾಗೆ ಬರೆಯೋದೇ ಇಲ್ಲ. "ತಪಾಸಣೆಯ ಹೊತ್ತಿನಲ್ಲಿ ನ್ಯೂನತೆ ಕಂಡುಬಂದಿಲ್ಲ" ಅಂತ ಬರೆಯುತ್ತೇವೆ. ಹೀಗೆ ಮಾಡಿ ಅಂತಲೂ ಹೇಳೋದಿಲ್ಲ. ಹೇಳಿದರೆ ಆ ಕೆಲಸ ನಮ್ಮದಾಯಿತು, ಆಮೇಲೆ ನಮ್ಮ ಕೆಲಸವನ್ನು ನಾವೇ ತಪಾಸಣೆ ಮಾಡಿದ ಹಾಗಾಯಿತು. ಪಕ್ಕದಲ್ಲಿ ನಿಲ್ಲೋದು, ನೋಡೋದು, ತಪ್ಪಿದ್ದರೆ ತಪ್ಪು ಅನ್ನೋದು, ಅಷ್ಟೇ. ಈ ಚಾಳಿ ಮನೆಗೂ ಬಂದುಬಿಟ್ಟಿದೆ. ತಮ್ಮನ ಹೆಂಡತಿ ಸಾರು ಹೆಂಗಾಗೈತಿ ಅಂತ ಕೇಳಿದರೆ "ತೊಂದರೆ ಏನಿಲ್ಲ" ಅಂತೀನಿ. ಅವಳು ಎರಡು ದಿನ ಮುಖ ಊದಿಸಿಕೊಂಡು ಓಡಾಡುತ್ತಾಳೆ.

ನಾನು ಹುಟ್ಟಿದ್ದು ಕುರುಗೋಡಿನಲ್ಲಿ, ಲಿಂಗ ಕಟ್ಟಿಕೊಳ್ಳುವ ಮನೆತನದಲ್ಲಿ. ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ನಮ್ಮ ಮನೆಯಲ್ಲಿ ಯಾರೂ ತಾಟಿನ ಮುಂದೆ ಕೂಡುವಂತಿರಲಿಲ್ಲ. ಎಡಗೈಯ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ವಿಭೂತಿ ಹಚ್ಚಿ, ಮೇಲೆ ನೀರು ಬಿಟ್ಟು, ಆ ನೀರನ್ನು ತೀರ್ಥ ಅಂತ ಕುಡಿದು, ಆಮೇಲೆ ಊಟ. ಲಿಂಗ ಮೈಮೇಲಿಂದ ಇಳಿಯಬಾರದು, ಇಳಿಯಿತು ಅಂದರೆ ಮನುಷ್ಯ ಸತ್ತ ಲೆಕ್ಕ ಅಂತ ನನ್ನಜ್ಜಿ ಹೇಳುತ್ತಿದ್ದಳು.

ನೌಕರಿಗೆ ಸೇರಿದ ಹೊಸದರಲ್ಲಿ ಮೊದಲ ಸಲ ಸ್ಥಾವರದ ಒಳಭಾಗಕ್ಕೆ ಹೋಗಬೇಕಾಗಿ ಬಂತು. ವಿಕಿರಣ ಇರುವ ಜಾಗ ಅದು. ಒಳಗೆ ಹೋಗುವ ಮೊದಲು ಬಟ್ಟೆ ಬದಲಿಸುವ ಕೋಣೆಯಲ್ಲಿ ಮೈಮೇಲಿನದೆಲ್ಲ ತೆಗೆದಿಟ್ಟು ಅವರು ಕೊಟ್ಟ ಬಟ್ಟೆ ಹಾಕಿಕೊಳ್ಳಬೇಕು. ಉಂಗುರ, ಗಡಿಯಾರ, ಬಳೆ ತೆಗೆದೆ. ಕೊರಳಿಗೆ ಕೈ ಹೋದಾಗ ಒಂದು ಗಳಿಗೆ ನಿಂತೆ. ಹೊರಗೆ ಗಂಡಸರೆಲ್ಲ ತಯಾರಾಗಿ ನನಗೋಸ್ಕರ ಕಾಯುತ್ತಿದ್ದರು, ಆ ತಂಡದಲ್ಲಿ ಹೆಣ್ಣು ಅಂತ ಇದ್ದದ್ದು ನಾನೊಬ್ಬಳೇ. ತಡ ಮಾಡಿದರೆ ನಗುತ್ತಾರೆ ಅಂತ ಬಿಚ್ಚಿದೆ, ಕರವಸ್ತ್ರದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಏನೂ ಆಗಲಿಲ್ಲ. ಮಧ್ಯಾಹ್ನ ಹೊರಗೆ ಬಂದು ಊಟ ಮಾಡಿದಾಗಲೂ ಏನೂ ಆಗಲಿಲ್ಲ. ಒಂದೆರಡು ವರ್ಷ ಬಿಚ್ಚೋದು ಕಟ್ಟೋದು ಮಾಡಿದೆ, ಆಮೇಲೆ ಕಟ್ಟೋದನ್ನೇ ಬಿಟ್ಟೆ. ಅವ್ವನಿಗೆ ಹೇಳಲಿಲ್ಲ.

ಏನೂ ಆಗಲಿಲ್ಲ ಅನ್ನೋದೇ ನನಗೆ ಸೊಕ್ಕಾಯಿತು. ಹತ್ತಾರು ವರ್ಷ ಕಳೆದ ಮೇಲೆ, ಹೊರಗಿನಿಂದ ದುರಸ್ತಿಗೆ ಬರುವ ಕಾರ್ಮಿಕರು ಒಳಗೆ ಏನು ಒಯ್ಯಬಹುದು, ಏನು ಒಯ್ಯಬಾರದು ಅನ್ನೋ ನಿಯಮದ ಪುಟ ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು: ಜನಿವಾರ ಇರುತ್ತದೆ, ತಾಳಿ ಇರುತ್ತದೆ, ತಾಯತ ಇರುತ್ತದೆ, ನಿಮ್ಮ ಕಡೆಯವರಿಗೆ ಲಿಂಗ ಇರುತ್ತದೆ, ಅದಕ್ಕೆ ಏನಾದರೂ ದಾರಿ ಇಡೋಣವೇ? ನಾನು ಒಂದು ನಿಮಿಷವೂ ಯೋಚಿಸಲಿಲ್ಲ. "ಬೇಕಾಗಿಲ್ಲ, ತಿಳಿಸಿ ಹೇಳಿದರೆ ನಮ್ಮ ಜನ ಬಿಚ್ಚಿಡ್ತಾರೆ. ನಾನೇ ಬಿಚ್ಚಿಟ್ಟಿದ್ದೇನೆ" ಅಂದೆ. ಮಾತು ಅಲ್ಲಿಗೆ ಮುಗಿಯಿತು. "ಯಾವ ವಿನಾಯಿತಿಯೂ ಇಲ್ಲ" ಅಂತ ಪುಟದ ಕೊನೆಗೆ ಬರೆದು ಅಡಿಗೆರೆ ಬೇರೆ ಎಳೆದೆ. ನಮ್ಮ ಜನ ಅಂತೆ. ಅವರ ಪರವಾಗಿ ಮಾತಾಡು ಅಂತ ಯಾವ ಜನ ಬಂದು ನನ್ನನ್ನು ಕೇಳಿದ್ದರು? ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಹೋದ ಬೇಸಿಗೆಯಲ್ಲಿ ದೂರದ ಒಂದು ಸ್ಥಾವರವನ್ನು ದುರಸ್ತಿಗೆ ಅಂತ ನಿಲ್ಲಿಸಿದ್ದರು. ಅಂಥ ಹೊತ್ತಿನಲ್ಲಿ ಗುತ್ತಿಗೆದಾರರ ಕಡೆಯಿಂದ ನೂರಾರು ಜನ ಬರುತ್ತಾರೆ. ವೆಲ್ಡಿಂಗ್ ಮಾಡುವವರು, ಅಟ್ಟಣಿಗೆ ಕಟ್ಟುವವರು, ಬಿಸಿ ಪೈಪುಗಳ ಮೇಲಿನ ದಪ್ಪ ಹೊದಿಕೆ ಬಿಚ್ಚಿ ಮತ್ತೆ ಸುತ್ತುವವರು. ನಾನು ತಪಾಸಣೆಗೆ ಅಂತ ಹೋಗಿದ್ದೆ. ಅವತ್ತು ಒಳಭಾಗದಿಂದ ಹೊರಗೆ ಬರುವ ಬಾಗಿಲ ಹತ್ತಿರ ನಿಂತು, ಜನ ಹೇಗೆ ಹೊರಬೀಳುತ್ತಾರೆ ಅಂತ ನೋಡುತ್ತಿದ್ದೆ.

ಆ ಬಾಗಿಲಲ್ಲಿ ಒಂದು ಯಂತ್ರ ಇದೆ. ಒಳಗಿನ ಬಟ್ಟೆ ಕಳಚಿಟ್ಟು, ಕೈಕಾಲು ತೊಳೆದು, ಬರೀ ಒಳಬಟ್ಟೆಯಲ್ಲಿ ಬಂದು ಅದರೊಳಗೆ ನಿಲ್ಲಬೇಕು. ಮೈಮೇಲೆ ವಿಕಿರಣದ ಧೂಳು ಇಲ್ಲದಿದ್ದರೆ ಹಸಿರು ದೀಪ, ಇದ್ದರೆ ಕೆಂಪು. ಹಸಿರು ಬರುವ ತನಕ ಮಂತ್ರಿಯಾದರೂ ಹೊರಗೆ ಕಾಲಿಡುವಂತಿಲ್ಲ. ಪೈಪಿನ ಹೊದಿಕೆ ಸುತ್ತುವವರಲ್ಲಿ ಒಬ್ಬ ಬಂದು ನಿಂತ, ಕೆಂಪು ಬಂತು. ತೊಳೆದುಕೊಂಡು ಬಾ ಅಂದರು. ತೊಳೆದು ಬಂದ, ಮತ್ತೆ ಕೆಂಪು. ಎಡ ತೋಳಿನ ಹತ್ತಿರ ಅಂತ ಯಂತ್ರ ತೋರಿಸುತ್ತಿತ್ತು. ಅಲ್ಲಿ ವಿಕಿರಣದ ಅಳತೆ ನೋಡಿಕೊಳ್ಳುವ ಅಧಿಕಾರಿ ಮೈಸೂರು ಕಡೆಯವನು, ಮೂವತ್ತರ ಆಸುಪಾಸು, ಮೆತ್ತನೆಯ ಮನುಷ್ಯ. ಬನಿಯನ್ನಿನ ತೋಳು ಮೇಲಕ್ಕೆ ಸರಿಸಿ ನೋಡಿದ. ರಟ್ಟೆಗೆ ಬಿಳಿ ಅರಿವೆಯ ಪಟ್ಟಿ ಬಿಗಿಯಾಗಿ ಕಟ್ಟಿತ್ತು.

"ಏನಪ್ಪಾ ಇದು? ಗಾಯ ಆಗಿದ್ಯಾ?"

ನನಗೆ ಆ ಗಂಟು ನೋಡಿದ ಕೂಡಲೇ ಒಳಗಿರೋದು ಲಿಂಗ ಅಂತ ಗೊತ್ತಾಯಿತು.

ಕೊರಳಲ್ಲಿದ್ದರೆ ಕಾಣುತ್ತದೆ ಅಂತ ತೋಳಿಗೆ ಕಟ್ಟಿಕೊಂಡಿದ್ದ. ಮೇಸ್ತ್ರಿಯನ್ನು ಮೊದಲೇ ಕೇಳಿದ್ದನಂತೆ. ಮೇಸ್ತ್ರಿ ನಿಯಮದ ಪುಟ ತೋರಿಸಿ, ನೋಡು, ಯಾವ ವಿನಾಯಿತಿಯೂ ಇಲ್ಲ, ಗೆರೆ ಎಳೆದಾರ ಅಂದನಂತೆ. ಕೆಲಸ ಬಿಡುವ ಹಾಗಿಲ್ಲ, ಲಿಂಗ ಬಿಡುವ ಹಾಗಿಲ್ಲ, ಯಾರಿಗೂ ತಿಳಿಯದ ಹಾಗೆ ತೋಳಿಗೆ ಕಟ್ಟಿಕೊಂಡ. ಹಳೇ ಹೊದಿಕೆ ಎಳೆಯುವಾಗ ಅಂಗಿಯ ತೋಳು ಹರಿದಿದೆ, ಬೆವರಿನ ಜೊತೆ ಧೂಳು ಒಳಗೆ ಇಳಿದಿದೆ.

ಅರಿವೆಯನ್ನು ಕತ್ತರಿಸಿ ವಿಕಿರಣದ ಕಸದ ಹಳದಿ ಚೀಲಕ್ಕೆ ಹಾಕಿದರು, ದಾರವನ್ನೂ ಹಾಕಿದರು. ಲಿಂಗ ಉಳಿಯಿತು. ಲಿಂಗ ಇಡುವ ಬೆಳ್ಳಿಯ ಕರಡಿಗೆ ಇರಲಿಲ್ಲ, ಬರೀ ಲಿಂಗ, ಸವೆದು ನುಣ್ಣಗಾಗಿದ್ದ ಕರೀ ಲಿಂಗ. ಅಧಿಕಾರಿ ಅವನ ಕೈಗೆ ರಬ್ಬರ್ ಕೈಗವಸು ತೊಡಿಸಿ, "ನೀವೇ ಹಿಡ್ಕೊಳ್ಳಿ, ನಾನು ತೊಳೀತೀನಿ" ಅಂದ. ಮುಟ್ಟೋದಕ್ಕೆ ಅವನಿಗೂ ಸಂಕೋಚ. ಇವನು ಎಡಗೈ ಚಾಚಿ ಅಂಗೈಯಲ್ಲಿ ಇಟ್ಟುಕೊಂಡ. ಅಧಿಕಾರಿ ಸೋಪಿನ ನೀರು ಹಾಕಿ ಹತ್ತಿಯಿಂದ ಒರೆಸಿದ, ಆಮೇಲೆ ಶುದ್ಧ ನೀರು ಬಿಟ್ಟ. ಇವನ ಕಣ್ಣು ಮುಚ್ಚಿತ್ತು, ತುಟಿ ಅಲ್ಲಾಡುತ್ತಿತ್ತು. ಹುಟ್ಟಿದಾಗಿನಿಂದ ದಿನಾ ಮಾಡಿದ ಕೆಲಸ, ಕೈ ತನ್ನಷ್ಟಕ್ಕೆ ತಾನೇ ಬಾಯಿಯ ಕಡೆ ಎದ್ದಿತು.

"ಕುಡೀಬ್ಯಾಡ!" ಅಂತ ಕೂಗಿಬಿಟ್ಟೆ.

ಎಲ್ಲರೂ ನನ್ನ ಕಡೆ ತಿರುಗಿದರು. ತಪಾಸಣೆಗೆ ಬಂದವರು ನಡುವೆ ಬಾಯಿ ಹಾಕುವಂತಿಲ್ಲ, ನಾನು ಹಾಕಿದ್ದೆ. ಅವನು ಮಾತ್ರ ಕೈ ಇಳಿಸಿ ನನ್ನನ್ನೇ ನೋಡಿದ. ಹೆದರಿ ಬಿಳಿಚಿಕೊಂಡಿದ್ದ ಮುಖಕ್ಕೆ ಕಳೆ ಬಂತು.

"ಅಕ್ಕಾರ, ನಿಮ್ಮದು ಯಾವೂರ್ರಿ?"

"ಕುರುಗೋಡು."

"ನಮ್ಮದು ಹಚ್ಚೊಳ್ಳಿ ರೀ. ಸಿರುಗುಪ್ಪ ತಾಲೂಕು" ಅಂದ, ಮನೆ ಬಾಗಿಲು ಸಿಕ್ಕವನ ಹಾಗೆ. ಕುಡತಿನಿಯ ಕಲ್ಲಿದ್ದಲು ಸ್ಥಾವರದಲ್ಲಿ ಈ ಹೊದಿಕೆ ಸುತ್ತೋ ಕೆಲಸ ಕಲಿತೆ ಅಂದ. ಆಮೇಲೆ ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮೊದಲ ಸಲ ತೊಳೆದಾಗ ಮೀಟರಿನ ಮುಳ್ಳು ಅರ್ಧಕ್ಕೆ ಇಳಿಯಿತು. ಎರಡನೇ ಸಲ ಇನ್ನೂ ಸ್ವಲ್ಪ ಇಳಿಯಿತು. ಮೂರನೇ ಸಲ ಅಲ್ಲಾಡಲಿಲ್ಲ. ಲಿಂಗದ ಮೇಲಿನ ಕರೀ ಲೇಪದೊಳಗೆ ಧೂಳು ಹೊಕ್ಕಿತ್ತು ಅಂತ ಕಾಣುತ್ತದೆ. ಹೊರಗೆ ಬಿಡಬಹುದಾದ ಗೆರೆಗಿಂತ ಮುಳ್ಳು ಒಂದು ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಅಧಿಕಾರಿ ಮೀಟರನ್ನು ಒಂದು ಸಲ ತಟ್ಟಿದ. ಆಮೇಲೆ ನನ್ನನ್ನು ನೋಡಿದ.

"ಮೇಡಂ, ನಿಮ್ದು ಟೀ ಆಯ್ತಾ? ಹೋಗಿ ಕುಡ್ಕೊಂಡ್ ಬನ್ನಿ. ಒಂದ್ ಹತ್ತು ನಿಮಿಷ. ಅಷ್ಟರಲ್ಲಿ ಇನ್ನೊಂದ್ಸಲ ತೊಳೆದು ನೋಡಿರ್ತೀನಿ."

ಅವನು ಏನು ಹೇಳುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು, ನನಗೆ ಗೊತ್ತಾಯಿತು ಅಂತ ಅವನಿಗೂ ಗೊತ್ತಾಯಿತು. ನಾನು ಆ ಬಾಗಿಲು ದಾಟಿ ಹೋದರೆ, ಮೀಟರನ್ನು ಸ್ವಲ್ಪ ದೂರ ಹಿಡಿದು ಅಳೆಯುತ್ತಾನೆ, ಗೆರೆಯ ಕೆಳಗೆ ಅಂತ ಬರೆಯುತ್ತಾನೆ, ಈ ಮನುಷ್ಯ ತನ್ನ ಲಿಂಗ ತೊಗೊಂಡು ಊರಿಗೆ ಹೋಗುತ್ತಾನೆ. ನಾನು ತಿರುಗಿ ಬಂದಾಗ ನೋಡೋದಕ್ಕೆ ಏನೂ ಉಳಿದಿರೋದಿಲ್ಲ, ಬರೆಯೋದಕ್ಕೂ ಇರೋದಿಲ್ಲ. ನಾನು ಏನೂ ಮಾಡಬೇಕಾಗಿರಲಿಲ್ಲ. ಚಹಾ ಕುಡಿಯಬೇಕಾಗಿತ್ತು, ಅಷ್ಟೇ.

ಅಡಕತ್ತರಿಯಲ್ಲಿ ಸಿಕ್ಕಿಕೊಳ್ಳೋದು ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಅಷ್ಟು ಸಣ್ಣ ಪ್ರಮಾಣದಿಂದ ಅವನಿಗೆ ಏನೂ ಆಗೋದಿಲ್ಲ ಅಂತ ಒಳಗೊಳಗೇ ಅನ್ನಿಸುತ್ತಿತ್ತು. ಅದರ ಜೊತೆಗೇ ಇನ್ನೊಂದು ಲೆಕ್ಕ ಓಡುತ್ತಿತ್ತು. ಆ ಗೆರೆಯನ್ನು ಎಳೆದವರು ಸುತ್ತಿಗೆ, ಸ್ಪ್ಯಾನರು, ಚಪ್ಪಲಿ, ಕನ್ನಡಕ ಅಂತ ಲೆಕ್ಕ ಹಾಕಿ ಎಳೆದದ್ದು. ಹಗಲೂ ರಾತ್ರಿ ಎದೆಗೆ ಅಂಟಿಕೊಂಡು ಇರುವ ವಸ್ತು, ದಿನಾ ತೊಳೆದ ನೀರನ್ನು ಕುಡಿಯುವ ವಸ್ತು ಯಾರ ಲೆಕ್ಕದಲ್ಲೂ ಇರಲಿಲ್ಲ. ಮನೆಯಲ್ಲಿ ಮಕ್ಕಳಿಗೂ ಆ ತೀರ್ಥ ಕೊಡುತ್ತಾನೇನೋ. ಆ ಕೋಣೆಯಲ್ಲಿ ಇದೆಲ್ಲ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದದ್ದೇ ತಪ್ಪಾಯಿತು. ಹೊರಗೆ ಹೋದರೂ ನನ್ನನ್ನು ನಾನು ಕ್ಷಮಿಸಿಕೊಳ್ಳುವ ಹಾಗಿಲ್ಲ, ನಿಂತರೂ ಇಲ್ಲ.

"ನನಗೆ ಟೀ ಬೇಡ" ಅಂದೆ.

ಅಧಿಕಾರಿ ಮೀಟರು ಕೆಳಗಿಟ್ಟ. ನಾಲ್ಕನೇ ಸಲ ತೊಳೆದ, ಅಳೆದ, ತಲೆ ಅಲ್ಲಾಡಿಸಿದ, ಸಣ್ಣ ಚೀಲ ತೆರೆದು ಅವನ ಮುಂದೆ ಹಿಡಿದ. ಅವನು ತಾನೇ ಅದರೊಳಗೆ ಇಟ್ಟ. ಎಷ್ಟು ಮೆಲ್ಲಗೆ ಇಟ್ಟ ಅಂದರೆ ತಳಕ್ಕೆ ಮುಟ್ಟಿದ ಸಪ್ಪಳವೂ ಆಗಲಿಲ್ಲ. ಚೀಟಿಯ ಮೇಲೆ "ವೈಯಕ್ತಿಕ ವಸ್ತು, ಒಂದು" ಅಂತ ಬರೆದರು. ಅಧಿಕಾರಿಯದೊಂದು ಸಹಿ, ಅವನದೊಂದು, ಎದುರಿಗೆ ಇದ್ದದ್ದಕ್ಕೆ ನನ್ನದೊಂದು. ಒಂದು ಪ್ರತಿ ಅವನ ಕೈಗೆ ಕೊಟ್ಟರು. ಯಂತ್ರದಲ್ಲಿ ನಿಂತ, ಹಸಿರು ಬಂತು. ಹಸಿರು ಬಂದರೂ ಅವನು ಹೊರಡಲಿಲ್ಲ. ಹಿಂದೆ ಸಾಲು ಬೆಳೆಯಿತು, "ನಡೀರಿ, ನಡೀರಿ" ಅಂತ ಕೂಗಿದರು. ಕೊನೆಗೆ ಯಾರೋ ಭುಜ ಹಿಡಿದು ಹೊರಗೆ ಕರಕೊಂಡು ಹೋದರು. ನಿಯಮ ಮುರಿದ ಅಂತ ಗುತ್ತಿಗೆದಾರ ಅವತ್ತೇ ಅವನನ್ನು ಊರಿಗೆ ಕಳಿಸಿಬಿಟ್ಟ.

ನಾನು ವರದಿ ಬರೆದೆ. ನಿಯಮದ ಪುಟ ಬರೆದವಳು ನಾನೇ, ಅದರಲ್ಲಿ ದಾರಿ ಇಟ್ಟಿರಲಿಲ್ಲ ಅಂತಲೂ ಬರೆದೆ. ಇಂಥ ವಸ್ತುಗಳನ್ನು ಗಾಳಿ ನುಸುಳದ ಪುಟ್ಟ ಚೀಲದಲ್ಲಿ ಮುಚ್ಚಿ, ಒಳಗಡೆ ಮೈಗೆ ಕಟ್ಟಿಕೊಂಡು ಹೋಗಲಿ, ಹೊರಗೆ ಬಂದ ಮೇಲೆ ಮೇಲಿನ ಚೀಲ ಕಳಚಿ ಬಿಸಾಡಲಿ ಅಂತ ಸೂಚಿಸಿದೆ. ನನ್ನ ಮೇಲಧಿಕಾರಿ ಓದಿ, "ಇಷ್ಟು ಸುಲಭದ್ದನ್ನು ಆವಾಗಲೇ ಯಾಕೆ ಬರೆಯಲಿಲ್ಲ?" ಅಂದರು. ಬೈಯುವ ದನಿಯಲ್ಲ, ಸಹಜವಾಗಿ ಕೇಳಿದ್ದು.

ರಜೆ ಹಾಕಿ ಬಳ್ಳಾರಿಗೆ ಬಂದೆ. ಬಿಸಿಲು ಕಾದು ಕೆಂಡವಾಗಿತ್ತು. ಬಾಗಿಲು ಕಿಟಕಿ ಮುಚ್ಚಿಕೊಂಡು ಮಧ್ಯಾಹ್ನವೆಲ್ಲ ಫ್ಯಾನಿನ ಕೆಳಗೆ ಬಿದ್ದುಕೊಂಡಿರುತ್ತಿದ್ದೆ. ಕಣ್ಣು ಮುಚ್ಚಿದರೆ ಆ ಎಡಗೈ ಬಾಯಿಯ ಕಡೆ ಏಳುವುದು ಕಾಣುತ್ತಿತ್ತು. ಸಂಜೆ ತಮ್ಮ ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದರೆ ಎರಡು ತುತ್ತು ತಿಂದು ಪೊಟ್ಟಣ ಮಡಚಿಡುತ್ತಿದ್ದೆ.

"ಏನಾಗೈತಿ ನಿನಗ?" ಅಂದಳು ಅವ್ವ.

"ಏನಿಲ್ಲಬೇ, ಸೆಖೆ."

"ಸೆಖೆ ನಿನಗೇನು ಹೊಸಾದ? ಬಳ್ಳಾರ್ಯಾಗ ಬೆಳದಾಕಿ" ಅಂದಳು.

ಒಂದು ಮುಂಜಾನೆ ಕುರುಗೋಡಿಗೆ ಹೋದೆ. ನನಗೆ ಲಿಂಗ ಕಟ್ಟಿದ ಅಯ್ಯನವರು ತೀರಿಕೊಂಡಿದ್ದಾರೆ, ಈಗ ಅವರ ಮಗ ಇದ್ದಾರೆ. ನನಗಿಂತ ನಾಲ್ಕು ವರ್ಷ ಚಿಕ್ಕವರು, ಆದರೂ ಕಾಲಿಗೆ ಬಿದ್ದೆ. ಒಬ್ಬರ ಲಿಂಗ ಕಳೆದುಹೋದರೆ ಇನ್ನೊಂದು ಕೊಡಬಹುದೇ ಅಂತ ಕೇಳಿದೆ.

"ನಿಂದೇನವ್ವ?" ಅಂದರು.

"ನಂದಲ್ರಿ. ಸಿರುಗುಪ್ಪ ಕಡೆಯೋನು ಒಬ್ಬಾತ. ಅದು ಕಳದಿಲ್ಲ, ಸಿಗೋ ಹಂಗಿಲ್ಲ."

ಅವರು ನನ್ನ ಬರಿಗೊರಳನ್ನು ಒಂದು ಸಲ ನೋಡಿದರು, ಆದರೆ ಅದನ್ನು ಎತ್ತಿ ಆಡಲಿಲ್ಲ. "ಯಾಕ ಕೊಡಬಾರದು? ಕೊಡ್ತೀವಿ. ಹಿಂದಿನ ಕಾಲದಂಗ ಪ್ರಾಣ ಬಿಡು ಅಂತ ಈಗ ಯಾರಂತಾರ? ಆದ್ರ ಆತ ಬಂದು ಕೇಳಬೇಕು. ಹೋದದ್ದು ಹೋತು ಅಂತ ಆತನ ಮನಸಿಗೆ ಬರಬೇಕು. ಅಲ್ಲೀತನ ಕಟ್ಟಿದ್ರೂ ಕಟ್ಟಿದಂಗಲ್ಲ. ಆತನ ಸಲುವಾಗಿ ನೀ ಕೇಳಿದ್ರ ನಡಿಯಂಗಿಲ್ಲ" ಅಂದರು.

ಹಾಗಾದರೆ ಅವನನ್ನೇ ಕರಕೊಂಡು ಬರೋಣ ಅಂತ ತೀರ್ಮಾನ ಮಾಡಿದೆ. ಮಾಡಬಾರದ ಕೆಲಸವೇ. ತಪಾಸಣೆಯಲ್ಲಿ ಕಂಡ ಮನುಷ್ಯನ ಮನೆಗೆ ರಜೆಯಲ್ಲಿ ಹೋಗೋದು ನಮ್ಮ ಪದ್ಧತಿ ಅಲ್ಲ. ಹೊರಡುವ ಮುಂಚೆ ಆ ಮೈಸೂರಿನ ಅಧಿಕಾರಿಗೆ ಫೋನು ಮಾಡಿ, ಆ ಚೀಲ ಎಲ್ಲಿದೆ ಅಂತ ಕೇಳಿದೆ. ಅವನು, "ಕಸದ ಜೊತೆ ಡ್ರಮ್ಮಿಗೆ ಹೋಯ್ತು ಮೇಡಂ, ಸಿಮೆಂಟ್ ತುಂಬಿ ಆಗಿದೆ" ಅಂದ. ಆಗಿದ್ದು ನಿಯಮದ ಪ್ರಕಾರವೇ.

ಬಳ್ಳಾರಿಯಿಂದ ಸಿರುಗುಪ್ಪದ ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರ್ ಕನ್ನಡದಲ್ಲಿ ಟಿಕೆಟ್ ಕೇಳುತ್ತ, "ಜರಗಂಡಿ, ಜರಗಂಡಿ" ಅಂತ ತೆಲುಗಿನಲ್ಲಿ ಜನರನ್ನು ಹಿಂದಕ್ಕೆ ದೂಡುತ್ತಿದ್ದ. ಸಿರುಗುಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆ. ಕಾಲುವೆ ನೀರು ಇರುವ ಕಡೆ, ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಹಚ್ಚೊಳ್ಳಿಯಲ್ಲಿ ಇಳಿದು ಯಾರ ಮನೆ ಅಂತ ಕೇಳಲಿ? ಚೀಟಿಯ ಮೇಲೆ ಅವನದು ಬರೀ ಗೀಚಿದ ಸಹಿ, ಹೆಸರು ಓದೋ ಹಾಗಿರಲಿಲ್ಲ. ಪೈಪಿಗೆ ಅರಿವಿ ಸುತ್ತೋ ಕೆಲಸಕ್ಕೆ ಹೋಗಿದ್ದಾತ ಅಂದೆ. ಅಂಗಡಿ ಮುಂದೆ ಕೂತಿದ್ದ ಹಿರಿಯರೊಬ್ಬರು, "ಊಟ ಬಿಟ್ಟಾನಲ್ಲ, ಆತನೇನು?" ಅಂತ ಕೇಳಿ ಓಣಿ ತೋರಿಸಿದರು. ತಿರುಗಿ ಹೋಗಿಬಿಡೋಣ ಅನ್ನಿಸಿತು. ಮುಂದಿನ ಬಸ್ಸಿಗೆ ಇನ್ನೂ ಭಾಳ ಹೊತ್ತಿತ್ತು.

ಬಾಗಿಲು ತೆರೆದವಳು ಅವನ ಹೆಂಡತಿ. ನಾನು ಯಾರು ಅಂತ ಹೇಳುವಷ್ಟರಲ್ಲಿ ಅವಳಿಗೇ ಗೊತ್ತಾಯಿತು.

"ಕುರುಗೋಡಿನ ಅಕ್ಕಾರ ಅಲ್ರಿ ನೀವು? ಕಡೀತನಕ ಇವರ ಜೋಡಿ ನಿಂತಿದ್ದೋರು? ಬರ್ರಿ, ಒಳಗ ಬರ್ರಿ. ಇವರ ಬಾಯಾಗ ನಿಮ್ಮ ಮಾತ ಮಾತು."

ಅವನು ಒಳಗಿನಿಂದ ಬಂದ. ಅರ್ಧಕ್ಕರ್ಧ ಇಳಿದುಹೋಗಿದ್ದ, ಅಂಗಿ ಗೂಟಕ್ಕೆ ತೂಗುಹಾಕಿದ ಹಾಗೆ ಕಾಣುತ್ತಿತ್ತು. ನನ್ನನ್ನು ನೋಡಿದ ಕೂಡಲೇ ಕೈ ಮುಗಿದ. ಕುರ್ಚಿಯ ಮೇಲಿನ ಬಟ್ಟೆ ತೆಗೆದು ಕೂಡಿಸಿದ, ನೀರು ತರಿಸಿದ. ಕೋಪ ಇರುತ್ತದೆ, ಬೈಗುಳ ತಿನ್ನಬೇಕಾಗುತ್ತದೆ ಅಂತ ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದೆ. ಈ ಮರ್ಯಾದೆಗೆ ನಾನು ತಯಾರಾಗಿರಲಿಲ್ಲ.

ಹೆಂಡತಿ ಹೇಳಿದಳು: ಬಂದಾಗಿನಿಂದ ತಾಟಿನ ಮುಂದೆ ಕೂತಿಲ್ಲ. ಬಾಳೆಹಣ್ಣು, ಒಂದು ಹಿಡಿ ಮಂಡಕ್ಕಿ, ಚಹಾ, ಅದೂ ನಿಂತುಕೊಂಡೇ. ಪೂಜೆ ಇಲ್ಲದೆ ಉಣ್ಣೋದು ಹೆಂಗ ಅಂತಾರೆ. ಹೊಸಾದು ಕಟ್ಟಿಸ್ಕೊಳ್ರಿ ಅಂತ ಎಲ್ಲಾರೂ ಹೇಳಿದರು, ಒಲ್ಲೆ ಅಂತಾರೆ. "ನೀವರ ಹೇಳ್ರಿ ಅಕ್ಕಾರ. ನಿಮ್ಮ ಮಾತು ಕೇಳ್ತಾರ."

"ಹೊಸಾದು ಯಾಕ ಬೇಕು?" ಅಂದ ಅವನು. ಹಟ ಹಿಡಿದು ಹೇಳಿದ್ದಲ್ಲ, ತಿಳಿಸಿ ಹೇಳುವ ದನಿ. "ನಂದು ಅಲ್ಲೇ ಐತಲ್ಲ. ಇನ್ನೊಂದು ಕಟ್ಟಿಕೊಂಡ್ರ ಇದರ ಗತಿ ಏನು?" ಎದ್ದು ಗೋಡೆಯಲ್ಲಿದ್ದ ದೇವರ ಮಾಡದಿಂದ ಒಂದು ಕಾಗದ ತಂದ. ಸ್ಥಾವರದಲ್ಲಿ ಕೊಟ್ಟಿದ್ದ ಚೀಟಿಯ ಪ್ರತಿ. ಮೂಲೆಗೆ ವಿಭೂತಿ ಹತ್ತಿತ್ತು. "ನೋಡ್ರಿ, ನಿಮ್ಮ ಸಹಿ ಐತಿ. ಇದನ್ನ ತೋರಿಸಿದ್ರ ಕೊಡ್ತಾರಲ್ಲ?"

ನಾನು ಕಾಗದ ಹಿಡಿದುಕೊಂಡು ಕೂತೆ.

"ಆ ಸಾಹೇಬ್ರು ಬರೋವಾಗ ನನಗ ಸಮಾಧಾನ ಹೇಳಿದ್ರು. ಅದರ ಕಾವು ಐದು ವರ್ಷಕ್ಕ ಅರ್ಧ ಆ‌ಗ್ತೈತಂತ. ನಂದು ಗೆರಿಗಿಂತ ಒಂಚೂರ ಮ್ಯಾಲಿತ್ತಲ್ರಿ, ನಾನೂ ನೋಡೀನಿ. ಹಂಗಾರ ಐದು ವರ್ಷ ಯಾಕ ಬೇಕು? ಕೆಲವು ತಿಂಗಳಿಗೆ ಗೆರಿ ಕೆಳಗ ಬರ್ತೈತಿ. ಅಲ್ಲೀತನ ನಾ ತಡ್ಕೊಂತೀನಿ."

ಅವನ ಲೆಕ್ಕ ಸರಿ ಇತ್ತು. ಇಷ್ಟು ವರ್ಷ ಇದೇ ಕೆಲಸ ಮಾಡಿದ ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ. ಒಂದು ಕಪಾಟಿನಲ್ಲಿ ಬೀಗ ಹಾಕಿ ಕೆಲವು ತಿಂಗಳು ಇಟ್ಟಿದ್ದರೆ ಅದು ತಾನಾಗೇ ಗೆರೆಯ ಕೆಳಗೆ ಬರುತ್ತಿತ್ತು. ಹಾಗೆ ಕಾಯಿಸಿ ಇಡುವ ಪದ್ಧತಿ ನಮ್ಮಲ್ಲಿ ಇದೆ, ಎಷ್ಟೋ ಸಾಮಾನುಗಳಿಗೆ ಮಾಡುತ್ತಾರೆ. ಆ ಕೋಣೆಯಲ್ಲಿ ನಾನು ಬಾಯಿ ಬಿಟ್ಟು ಅಷ್ಟು ಹೇಳಿದ್ದರೆ ಸಾಕಿತ್ತು. ಹೇಳೋದು ನನ್ನ ಕೆಲಸ ಅಲ್ಲ ಅನ್ನೋದು ರೂಢಿಯಾಗಿ, ಯೋಚನೆ ಮಾಡೋದೂ ನನ್ನ ಕೆಲಸ ಅಲ್ಲ ಅನ್ನುವ ಹಾಗಾಗಿಬಿಟ್ಟಿತ್ತು. ಹೊಸ ಚೀಲದ ಸೂಚನೆ ಬರೆದಿದ್ದೇನೆ, ಇನ್ನು ಮುಂದೆ ನಿನ್ನಂಥವರಿಗೆ ಹೀಗಾಗೋದಿಲ್ಲ ಅಂತ ಹೆಮ್ಮೆಯಿಂದ ಹೇಳಬೇಕು ಅಂತ ಬಂದಿದ್ದೆ.

ಎಲ್ಲರೂ ಹೊರಗ ಹೋಗಿ ಬರ್ತಿದ್ರು, ನೀವೊಬ್ರ ನನ್ನ ಬಿಟ್ಟು ಹೋಗಲಿಲ್ಲ ಅಂದ. ಆ ಸಾಹೇಬ್ರು ಚಹಾಕ್ಕ ಕರೆದ್ರೂ ಹೋಗಲಿಲ್ಲ, ನಮ್ಮ ಕಡೆಯಾಕಿ ಅದಾಳ, ನಂದನ್ನ ಕಾಯ್ತಾಳ ಅಂತ ಧೈರ್ಯ ಬಂತು ಅಂದ. ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಸುಮ್ಮನೆ ಇದ್ದುಬಿಡಬಹುದಿತ್ತು. ಕೈ ಮುಗಿಸಿಕೊಂಡು, ನೀರು ಕುಡಿದು, ಬಸ್ಸು ಹತ್ತಬಹುದಿತ್ತು. ಹಾಗೆ ಮಾಡಿದರೆ ಇವನು ಕಾಯುತ್ತಾನೆ, ಕಾಯುತ್ತ ಕಾಯುತ್ತ ಸಾಯುತ್ತಾನೆ. ಹೋದದ್ದು ಹೋಯಿತು ಅಂತ ಅವನ ಮನಸ್ಸಿಗೆ ಬರಬೇಕು ಅಂತ ಅಯ್ಯನವರು ಅಂದಿದ್ದರು. ತರಬೇಕಾದವಳು ನಾನೇ.

"ಅದು ಬರೋದಿಲ್ಲ ತಮ್ಮಾ" ಅಂದೆ.

"ಯಾಕ್ರಿ? ಚೀಟಿ ಐತಲ್ಲ."

"ಈ ಚೀಟಿಗೆ ಯಾರೂ ಏನೂ ಕೊಡೋದಿಲ್ಲ. ಇದು ಒತ್ತಿ ಇಟ್ಟ ಚೀಟಿ ಅಲ್ಲ. ತೊಗೊಂಡ್ವಿ ಅಂತ ಬರ್ಕೊಂಡಿದ್ದು ಅಷ್ಟ. ಅದನ್ನ ಬ್ಯಾರಲ್ಲಿಗೆ ಹಾಕಿ ಮ್ಯಾಲ ಸಿಮೆಂಟ್ ತುಂಬ್ಯಾರ. ತೆಗಿಯಾಕ ಬರೋದಿಲ್ಲ."

ಅವನು ನನ್ನ ಕೈಯಿಂದ ಕಾಗದ ತೊಗೊಂಡ. ತಿರುಗಿಸಿ ಹಿಂದೆ ಮುಂದೆ ನೋಡಿದ. ಆಮೇಲೆ ಕೇಳಿದ.

"ಹಂಗಾರ ನೀವ್ಯಾಕ ನಿಂತಿದ್ರಿ?"

ಇಷ್ಟು ವರ್ಷ ಎಷ್ಟು ಜನ ಎಷ್ಟು ಪ್ರಶ್ನೆ ಕೇಳಿದ್ದಾರೋ, ಎಲ್ಲದಕ್ಕೂ ಜಾಣತನದ ಉತ್ತರ ಇಟ್ಟುಕೊಂಡಿದ್ದವಳು ನಾನು. ಅವತ್ತು ಜಾಣತನ ಬರಲಿಲ್ಲ, ಬಂದಿದ್ದರೂ ಆಡುತ್ತಿರಲಿಲ್ಲ.

"ನಾ ಹೊರಗ ಹೋಗಿದ್ರ ಅವರು ನಿಂದು ನಿನಗ ಕೊಟ್ಟು ಕಳಿಸ್ತಿದ್ರು. ಕೊಡಬಾರದು ಅಂತ ನಿಂತಿದ್ದೆ."

ಹೆಂಡತಿ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವನ ಕಣ್ಣಿನಲ್ಲಿ ನೀರು ಇರಲಿಲ್ಲ, ಸಿಟ್ಟೂ ಕಾಣಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಪಕ್ಕದ ಕಿಟಕಿಯ ಮೇಲಿಟ್ಟ. ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

"ಊಟಕ್ಕ ನೀಡು" ಅಂದ ಹೆಂಡತಿಗೆ.

ಅವಳು ಗಡಬಡಿಸಿ ಒಳಗೆ ಹೋಗಿ ಎರಡು ತಾಟು ತಂದಳು.

"ಒಂದು ಸಾಕು" ಅಂದ.

ನಮ್ಮ ಸೀಮೆಯಲ್ಲಿ ಮನೆಯೊಳಗೆ ಒಬ್ಬರು ಕೂತಿರುವಾಗ, ಅವರು ಹಗೆಯೇ ಆಗಿರಲಿ, ಉಣ್ಣಾಕ ಬರ್ರಿ ಅಂತ ಒಂದು ಮಾತು ಅನ್ನದೆ ಯಾರೂ ತಾಟಿಗೆ ಕೈ ಹಾಕೋದಿಲ್ಲ. ಅವನು ತಲೆ ತಗ್ಗಿಸಿ ರೊಟ್ಟಿ ಮುರಿದ.